ಒಂದೊಂದು ಮರಕ್ಕೆ ಒಂದೊಂದು ಕೆಲಸ

ನಾಣ್ಯ, ಸ್ಟಾಂಪು ಕೂಡಿಡುವವರು ಎಲ್ಲೆಡೆ ಸಿಗುತ್ತಾರೆ. ಬಗೆಬಗೆಯ ಮರದ ತುಂಡು ಕೂಡಿಟ್ಟು ಅದರಲ್ಲಿ ಏನಾದರೂ ಕೆತ್ತುವವರು ಅಪರೂಪ. ಆದರೆ ನಮ್ಮ ತಾತಂದಿರ ಕಾಲದಲ್ಲಿ ಮರ ಗುರುತಿಸುವುದು ಹವ್ಯಾಸವಲ್ಲ, ಬದುಕಿಗೆ ಬೇಕಾದ ತಿಳಿವಳಿಕೆ. ನೇಗಿಲಿಗೆ ಜಾಲಿ, ಮಾಂಸ ಕೊಚ್ಚುವ ದಿಮ್ಮಿಗೆ ಹುಣಸೆ, ವೀಣೆಗೆ ಹಲಸು. ಊರಿನ ಬಡಗಿ ಮರ ಮುಟ್ಟಿದರೆ ಸಾಕು, ಅದು ಯಾವ ಕೆಲಸಕ್ಕೆ ಆಗುತ್ತದೆ ಅಂತ ಹೇಳುತ್ತಿದ್ದ.

ನಮ್ಮ ನಾಡಿನ ಹೆಸರಾದ ಕಲೆಗಳೂ ಇದೇ ತಿಳಿವಳಿಕೆಯಿಂದ ಬೆಳೆದವು. ಚನ್ನಪಟ್ಟಣದ ಬೊಂಬೆಗೆ ಹಾಲೆ ಮರ. ಬಿಳಿ ಬಣ್ಣ, ಮೆದು, ಅರಗಿನ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಮೈಸೂರಿನ ಕುಸುರಿಯವರು ಬೀಟೆ ಹಲಗೆಯಲ್ಲಿ ಗುಳಿ ತೋಡಿ, ಹಳದಿಗೆ ಹಲಸು, ಕಪ್ಪಿಗೆ ಕರಿಮರ ಅಂತ ಬೇರೆ ಬೇರೆ ಮರದ ಚೂರು ಕೂರಿಸಿ ಚಿತ್ರ ಮಾಡುತ್ತಾರೆ. ಹಿಂದೆ ಆನೆದಂತ ಕೂರಿಸುತ್ತಿದ್ದರು. 1912ರಲ್ಲಿ ಮುಗಿದ ಮೈಸೂರು ಅರಮನೆಯ ಬೀಟೆ ಬಾಗಿಲುಗಳಲ್ಲಿ ಅದನ್ನು ಈಗಲೂ ನೋಡಬಹುದು. ದಂತದ ವ್ಯಾಪಾರ ನಿಷೇಧವಾದ ಮೇಲೆ ಬಣ್ಣದ ಮರಗಳಿಗೆ ಬೆಲೆ ಬಂತು.

ಸಾಗರ, ಸೊರಬದ ಗುಡಿಗಾರರಿಗೆ ಶ್ರೀಗಂಧವೇ ಜೀವ. ಆದರೆ ಗಂಧ ಜನರ ಮರವಾಗಿ ಉಳಿಯಲಿಲ್ಲ. 1792ರಲ್ಲಿ ಟಿಪ್ಪು ಸುಲ್ತಾನ್ ಅದನ್ನು ರಾಜವೃಕ್ಷವೆಂದು ಸಾರಿದರು. ಮುಂದೆ ಮೈಸೂರು ಅರಸರೂ ಆ ಹಕ್ಕು ಬಿಡಲಿಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಹೋಗುತ್ತಿದ್ದ ಗಂಧ ನಿಂತಾಗ, 1916ರಲ್ಲಿ ಮೈಸೂರಿನಲ್ಲೇ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಸಂಸ್ಥಾನಕ್ಕೆ ಲಾಭ ಬಂತು. ರೈತನಿಗೆ? ಅವನ ಹೊಲದಲ್ಲೇ ಹುಟ್ಟಿದರೂ ಗಂಧ ಸರ್ಕಾರದ್ದೇ. ಕೇಸಿನ ಭಯಕ್ಕೆ ಯಾರೂ ನೆಡಲಿಲ್ಲ. 2001ರ ಕಾನೂನು ತಿದ್ದುಪಡಿಯ ನಂತರವಷ್ಟೇ ಅದು ಜಮೀನಿನವನ ಸ್ವತ್ತಾಯಿತು. ಇಷ್ಟರಲ್ಲಿ ಕಾಡಿನ ಗಂಧ ಕರಗಿತ್ತು. ಗುಡಿಗಾರರ ಉಳಿ ಶಿವನೆಯಂಥ ಮರಗಳ ಕಡೆ ತಿರುಗಿತ್ತು. ಜನರಿಂದ ದೂರವಿಟ್ಟ ಮರ ಉಳಿಯಲಿಲ್ಲ ಅನ್ನುವುದೇ ಈ ಚರಿತ್ರೆಯ ಪಾಠ ಅಂತ ನಮಗೆ ಅನಿಸುತ್ತದೆ.

ಮರ ಕೂಡಿಡುವ ಕೆಲಸವನ್ನು ವಿಜ್ಞಾನಿಗಳೂ ಮಾಡುತ್ತಾರೆ. 1938ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಅರಣ್ಯ ಸಂಶೋಧನಾ ಪ್ರಯೋಗಾಲಯ 1988ರಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಯಿತು. ಮಲ್ಲೇಶ್ವರದ ಈ ಸಂಸ್ಥೆಯಲ್ಲಿ ಪುಸ್ತಕಗಳಂತೆ ಮರದ ಮಾದರಿಗಳನ್ನು ಜೋಡಿಸಿಟ್ಟಿದ್ದಾರೆ. ಕಳ್ಳಸಾಗಣೆಯ ದಿಮ್ಮಿ ಯಾವ ಜಾತಿ ಅಂತ ಪತ್ತೆ ಮಾಡಲು ಇಂಥ ಮಾದರಿಗಳೇ ಆಧಾರ.

ಅಲ್ಲಿಂದ ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿ ಬಂದರೆ ಅಲ್ಲಾಳಸಂದ್ರ. ಪಕ್ಕದಲ್ಲೇ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ, ಒಂದು ಕೆರೆ, ಉಳಿದದ್ದೆಲ್ಲ ಕಟ್ಟಡ. ಹೊಲ ಹೋದಂತೆ ನೇಗಿಲು ಹೋಯಿತು, ನೇಗಿಲಿನ ಜೊತೆ ಜಾಲಿಯ ಗುಣ ಬಲ್ಲವರೂ ಹೋದರು. ಇಂಥ ಊರುಗಳಲ್ಲಿ ಹೊಂಗೆ, ನೇರಳೆ, ಹುಣಸೆ ಬಿದ್ದರೆ ಈಗ ಎಲ್ಲವೂ ಒಂದೇ, ಸೌದೆ.

ನಿಮ್ಮ ಊರಿನಲ್ಲಿ ಗಾಳಿಗೆ ಕೊಂಬೆ ಮುರಿದು ಬಿದ್ದಾಗ ಅಂಗೈ ಅಗಲದ ತುಂಡು ಎತ್ತಿಡಿ. ಬಿಸಿಲಿಗೆ ಹಾಕಿದರೆ ಸೀಳುತ್ತದೆ, ನೆರಳಲ್ಲಿ ಒಣಗಿಸಿ. ಒಂದು ಮುಖ ಅಡ್ಡ ಕೊಯ್ದು, ಇನ್ನೊಂದು ಉದ್ದಕ್ಕೆ ಸೀಳಿ, ಉಪ್ಪುಕಾಗದದಲ್ಲಿ ಉಜ್ಜಿದರೆ ಮರದ ಎಳೆ ಕಾಣುತ್ತದೆ. ಹೆಸರು, ಜಾಗ, ವರ್ಷ ಬರೆದಿಡಿ. ಗಂಧ, ಬೀಟೆ ಮಾತ್ರ ಅರಣ್ಯ ಇಲಾಖೆಯನ್ನು ಕೇಳದೆ ಮುಟ್ಟಬೇಡಿ. ಆ ಮರದಿಂದ ಹಿಂದೆ ಏನು ಮಾಡುತ್ತಿದ್ದರು ಅಂತ ಊರಿನ ಹಳೆಯ ಬಡಗಿಯನ್ನು ಕೇಳಿ, ಅದನ್ನೂ ಬರೆದುಕೊಳ್ಳಿ. ಮರ ಮತ್ತೆ ನೆಡಬಹುದು. ಆ ಮಾತು ಅವರಿರುವಾಗಲೇ ಸಿಗಬೇಕು.