ರಾಜಕುಮಾರಿಯ ರಜೆ, ಬೈಲೈನ್ ಇಲ್ಲದ ಕಥೆ

ಅರಮನೆಯ ಶಿಷ್ಟಾಚಾರದಿಂದ ಬೇಸತ್ತ ರಾಜಕುಮಾರಿಯೊಬ್ಬಳು ರಾತ್ರೋರಾತ್ರಿ ತಪ್ಪಿಸಿಕೊಳ್ಳುತ್ತಾಳೆ. ಮರುದಿನ ರೋಮ್ ಬೀದಿಗಳಲ್ಲಿ ಕೂದಲು ಕತ್ತರಿಸಿಕೊಂಡು, ಐಸ್‌ಕ್ರೀಮ್ ತಿಂದು, ಬಾರದ ಸ್ಕೂಟರ್ ಓಡಿಸಿ ಗಲಾಟೆ ಎಬ್ಬಿಸುತ್ತಾಳೆ. 1953ರ ‘ರೋಮನ್ ಹಾಲಿಡೇ’ ಕಥೆ ಹೆಚ್ಚುಕಡಿಮೆ ಇಷ್ಟೇ.

ಹಗುರ ಸಿನಿಮಾ, ಒಪ್ಪುತ್ತೇವೆ. ಆದರೆ ಇದರ ನಾಯಕ ನಮ್ಮ ಕಸುಬಿನವನು. ಮನೆ ಬಾಡಿಗೆ ಬಾಕಿ ಉಳಿಸಿಕೊಂಡ ವರದಿಗಾರ ಜೋ ಬ್ರ್ಯಾಡ್ಲಿ (ಗ್ರೆಗರಿ ಪೆಕ್). ಮುಖಪುಟದ ಸುದ್ದಿ ತಾನಾಗಿಯೇ ಅವನ ಕೋಣೆಗೆ ಬಂದು ನಿದ್ದೆಹೋಗಿರುತ್ತದೆ! ತಾನು ಯಾರೆಂದು ಮುಚ್ಚಿಟ್ಟು, ಗೆಳೆಯನ ಲೈಟರಿನೊಳಗಿನ ಕ್ಯಾಮೆರಾದಿಂದ ಅವಳ ಫೋಟೊ ತೆಗೆಸಿದ್ದಕ್ಕೆ ನಮ್ಮಲ್ಲಿ ಕ್ಷಮೆ ಇಲ್ಲ. ಕೊನೆಗೆ ಆ ಸುದ್ದಿಯನ್ನು ಬರೆಯದೆ ಬಿಡುತ್ತಾನಲ್ಲ, ಅದಕ್ಕಾಗಿ ಮತ್ತೆ ಮತ್ತೆ ನೋಡುತ್ತೇವೆ.

ಈ ಕಥೆ ಬರೆದ ಡಾಲ್ಟನ್ ಟ್ರಂಬೊ ಹೆಸರು ಅಂದು ಪರದೆಯ ಮೇಲೆ ಇರಲಿಲ್ಲ. 1947ರಲ್ಲಿ ಅಮೆರಿಕ ಸಂಸತ್ತಿನ ಸಮಿತಿಯೊಂದು ‘ನೀವು ಕಮ್ಯುನಿಸ್ಟರೇ?’ ಎಂದು ಕೇಳಿದಾಗ ಉತ್ತರಿಸಲೊಪ್ಪದ ಹತ್ತು ಮಂದಿಯಲ್ಲಿ ಅವರೂ ಒಬ್ಬರು. ಸ್ಟುಡಿಯೊಗಳು ಬಾಗಿಲು ಮುಚ್ಚಿದವು; 1950ರಲ್ಲಿ ಜೈಲೂ ಆಯಿತು. ಗೆಳೆಯ ಇಯಾನ್ ಮೆಕ್ಲೆಲನ್ ಹಂಟರ್ ಕಥೆಗೆ ತಮ್ಮ ಹೆಸರು ಕೊಟ್ಟರು. ಆಡ್ರಿ ಹೆಪ್‌ಬರ್ನ್ ಶ್ರೇಷ್ಠ ನಟಿಯ ಆಸ್ಕರ್ ಗೆದ್ದ ವರ್ಷವೇ ಕಥೆಗೂ ಆಸ್ಕರ್ ಬಂತು, ಹಂಟರ್ ಹೆಸರಿಗೆ. ಮುಂದೆ ಹಂಟರ್ ಕೂಡ ಕಪ್ಪುಪಟ್ಟಿಗೆ ಸೇರಿದರು.

ಟ್ರಂಬೊ ತೀರಿಕೊಂಡದ್ದು 1976ರಲ್ಲಿ. ಅವರ ಪತ್ನಿ ಕ್ಲಿಯೊ ಕೈಗೆ ಅಕಾಡೆಮಿ ಆ ಆಸ್ಕರ್ ಕೊಟ್ಟದ್ದು 1993ರಲ್ಲಿ. ಬರಹಗಾರರ ಸಂಘ ಈ ಸಿನಿಮಾದ ಬರವಣಿಗೆಯ ಶ್ರೇಯವನ್ನು ಪೂರ್ತಿಯಾಗಿ ಅವರ ಹೆಸರಿಗೆ ಮರಳಿಸುವಷ್ಟರಲ್ಲಿ 2011 ಮುಗಿಯುತ್ತ ಬಂದಿತ್ತು.