ನೀರಿನ ಜಾಡಿನಲ್ಲಿ ಒಂದು ಹೆದ್ದಾರಿ

ಪ್ರವಾಸಕ್ಕೆ ಹೊರಟಾಗ ನಿಮ್ಮ ಮನೆಯಲ್ಲಿ ಮೊದಲು ಕಟ್ಟಿಕೊಳ್ಳುವುದು ಏನನ್ನು? ಪುಳಿಯೋಗರೆಯೋ ಚಪಾತಿಯೋ ಇರಬಹುದು. ಹೊರಾಂಗಣ ಚಿತ್ರೀಕರಣಕ್ಕೆ ಹೋಗುವ ನಾವು ಮಾತ್ರ ಕ್ಯಾಮೆರಾಕ್ಕಿಂತ ಮೊದಲು ನೀರಿನ ಕ್ಯಾನು ವ್ಯಾನಿಗೆ ಏರಿತೇ ಎಂದು ನೋಡುತ್ತೇವೆ. ಎಲ್ಲರೂ ನೀರನ್ನೇ ಮೊದಲು ನೆನೆಯಬೇಕಾದ ದಾರಿಯೊಂದಿದೆ. ಅದರ ಚರಿತ್ರೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಆಸ್ಟ್ರೇಲಿಯದ ದಕ್ಷಿಣ ಅಂಚಿನಲ್ಲಿ ನಲ್ಲಾರ್ಬರ್ ಎಂಬ ಬಯಲಿದೆ. ಲ್ಯಾಟಿನ್ ಮೂಲದ ಈ ಹೆಸರಿಗೆ ‘ಮರವಿಲ್ಲದ್ದು’ ಎಂದರ್ಥ. ವಿಸ್ತಾರ ಸುಮಾರು 2 ಲಕ್ಷ ಚದರ ಕಿಲೋಮೀಟರು, ಅಂದರೆ ಹೆಚ್ಚುಕಡಿಮೆ ನಮ್ಮ ಕರ್ನಾಟಕದಷ್ಟು. ಇದರ ಕಡಲ ಕಡೆಯ ಅಂಚಿನಲ್ಲಿ ಸಾಗುವುದೇ ಏರ್ ಹೆದ್ದಾರಿ. ಸೆಡೂನಾದಿಂದ ನಾರ್ಸ್‌ಮನ್ ಎಂಬ ಊರಿಗೆ ಸುಮಾರು 1,200 ಕಿಲೋಮೀಟರು. ಕಾರಿನ ಹಿಂದೆ ಕ್ಯಾರವಾನ್ ಎಂಬ ಚಕ್ರದ ಮೇಲಿನ ಪುಟ್ಟ ಮನೆಯನ್ನು ಕಟ್ಟಿಕೊಂಡು, ಹೆಂಡತಿ ಮಕ್ಕಳೊಡನೆ ಇದನ್ನು ದಾಟುವುದು ಅಲ್ಲಿನವರಿಗೆ ದೊಡ್ಡ ಸಂಭ್ರಮ. ಒಂದು ಕಡೆಯಂತೂ 146.6 ಕಿಲೋಮೀಟರು ಉದ್ದಕ್ಕೆ ಒಂದು ತಿರುವೂ ಇಲ್ಲ. ನಡುವೆ ಅಲ್ಲಲ್ಲಿ ಪೆಟ್ರೋಲು ಬಂಕು, ಅದಕ್ಕೆ ಹೊಂದಿಕೊಂಡ ಹೋಟೆಲು, ಅಷ್ಟೆ. ಆದ್ದರಿಂದಲೇ ಕ್ಯಾರವಾನಿನ ನೀರಿನ ತೊಟ್ಟಿಯನ್ನು ಮೊದಲೇ ತುಂಬಿಕೊಂಡು ಹೊರಡಬೇಕು.

ಅಲ್ಲಿ ನೀರೇಕಿಲ್ಲ? ಬಿ.ಎಸ್ಸಿ. ತರಗತಿಯಲ್ಲಿ ಸುಣ್ಣಕಲ್ಲಿನ ಮೇಲೆ ಆಮ್ಲದ ಹನಿ ಬಿಟ್ಟು ನೊರೆ ಏಳುವುದನ್ನು ನೋಡಿದವರಿಗೆ ಉತ್ತರ ಸುಲಭ. ನಲ್ಲಾರ್ಬರ್ ಒಂದು ಕಾಲದ ಸಮುದ್ರತಳ. ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಮೇಲೆದ್ದ ಸುಣ್ಣಕಲ್ಲಿನ ಹಾಸು. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಆಮ್ಲವಾಗುತ್ತದೆ, ಕಲ್ಲನ್ನು ಕರಗಿಸುತ್ತಾ ಬಿರುಕುಗಳಲ್ಲಿ ಇಳಿದುಹೋಗುತ್ತದೆ. ನೆಲದ ಕೆಳಗೆ ದೊಡ್ಡ ಗುಹೆಗಳಿವೆ, ನೆಲದ ಮೇಲೆ ಹರಿಯುವ ಹೊಳೆ ಒಂದೂ ಇಲ್ಲ.

1841ರ ಫೆಬ್ರವರಿ ಕೊನೆಯಲ್ಲಿ ಎಡ್ವರ್ಡ್ ಜಾನ್ ಏರ್ ಎಂಬ 25 ವರ್ಷದ ಇಂಗ್ಲಿಷ್ ತರುಣ ಈ ಕರಾವಳಿಯುದ್ದಕ್ಕೂ ಪಶ್ಚಿಮಕ್ಕೆ ಹೊರಟ. ಜೊತೆಗೆ ಮೇಲ್ವಿಚಾರಕ ಜಾನ್ ಬ್ಯಾಕ್ಸ್‌ಟರ್, ಮೂವರು ಮೂಲನಿವಾಸಿ ಹುಡುಗರು. ಒಂದು ಪಕ್ಕಕ್ಕೆ ಕಡಿದಾದ ಬಂಡೆ, ಅದರ ಕೆಳಗೆ ಕಡಲು. ಕುಡಿಯಲು ಹನಿ ನೀರಿಲ್ಲ. ಆಗ ಆತನನ್ನು ಉಳಿಸಿದವರು ಆ ಕರಾವಳಿಯ ಮೂಲನಿವಾಸಿಗಳು. ಮರಳದಿಬ್ಬದಲ್ಲಿ ಎಲ್ಲಿ ಅಗೆದರೆ ಸಿಹಿನೀರು ಎಂದು ತೋರಿಸಿದರು, ಮುಂದಿನ ನೀರು ಎಲ್ಲಿದೆ ಎಂದೂ ತಿಳಿಸಿದರು. ಮರಳಿಗೆ ಇಳಿದ ಮಳೆನೀರು ಹಗುರವಾದ್ದರಿಂದ ಕೆಳಗಿನ ಉಪ್ಪುನೀರಿನ ಮೇಲೆ ತೇಲಿ ನಿಲ್ಲುತ್ತದೆ. ನಾವು ಪುಸ್ತಕದಲ್ಲಿ ಓದಿದ ಈ ಸಂಗತಿ ಅವರಿಗೆ ತಲೆಮಾರುಗಳ ಅನುಭವ. ದಿಬ್ಬಗಳೂ ಇಲ್ಲದ ಕಡೆ ನೀಲಗಿರಿ ಜಾತಿಯ ಮರಗಳ ಬೇರು ಅಗೆದು ನೀರು ಬಸಿದುಕೊಳ್ಳುವ ಅವರದೇ ವಿದ್ಯೆ ಏರನ ಕೈಹಿಡಿಯಿತು. ಬೆಳಗಿನ ಇಬ್ಬನಿಯನ್ನು ಆತ ಸ್ಪಂಜಿನಲ್ಲಿ ಹಿಂಡಿದ್ದೂ ಉಂಟು.

ಏಪ್ರಿಲ್ 29ರ ರಾತ್ರಿ ದುರಂತ ನಡೆಯಿತು. ಏರ್ ಬರೆದಿಟ್ಟ ಪ್ರಕಾರ ಇಬ್ಬರು ಹುಡುಗರು ಬ್ಯಾಕ್ಸ್‌ಟರನನ್ನು ಕೊಂದು, ಸಾಮಾನು ದೋಚಿ ಓಡಿಹೋದರು. ನೆಲವೆಲ್ಲ ಕಲ್ಲುಹಾಸಾಗಿದ್ದರಿಂದ ಹೂಳಲೂ ಆಗದೆ, ಶವವನ್ನು ಕಂಬಳಿಯಲ್ಲಿ ಸುತ್ತಿ ಅಲ್ಲೇ ಬಿಟ್ಟು ನಡೆಯಬೇಕಾಯಿತು. ಜೊತೆಗೆ ಉಳಿದವನು ವೈಲಿ ಒಬ್ಬನೇ. ಇವನ ಊರು ಪಶ್ಚಿಮದ ಆಲ್ಬನಿ ಸೀಮೆ. ಜೂನ್‌ನಲ್ಲಿ ಫ್ರಾನ್ಸಿನ ತಿಮಿಂಗಿಲ ಬೇಟೆಯ ಹಡಗೊಂದು ಇಬ್ಬರಿಗೂ ಆಶ್ರಯ ಕೊಟ್ಟಿತು. ಜುಲೈ 7ರಂದು ಅವರು ಆಲ್ಬನಿ ಮುಟ್ಟಿದರು.

ಮುಂದಿನದು ಬೇಗ ಹೇಳಬಹುದಾದ ಕಥೆ. 1877ರಲ್ಲಿ ಈ ಕರಾವಳಿಯ ಮೇಲೆ ತಂತಿ ಮಾರ್ಗ ಬಂತು. ಅದರ ಯೂಕ್ಲಾ ಕಚೇರಿ ಇಂದು ಮರಳಿನಲ್ಲಿ ಅರ್ಧ ಹೂತ ಪಾಳುಗೋಡೆ. ಕ್ಯಾರವಾನಿನವರು ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಏರ್ ನಡೆದು ನೂರು ವರ್ಷವಾದ ಮೇಲೆ, ಯುದ್ಧಕಾಲದ 1941-42ರಲ್ಲಿ, ವಾಹನ ಹೋಗುವ ಮಣ್ಣುರಸ್ತೆಯಾಯಿತು. ಪಶ್ಚಿಮ ಆಸ್ಟ್ರೇಲಿಯದ ಭಾಗಕ್ಕೆ 1969ರಲ್ಲಿ, ದಕ್ಷಿಣ ಆಸ್ಟ್ರೇಲಿಯದ ಭಾಗಕ್ಕೆ 1976ರಲ್ಲಿ ಪೂರ್ತಿ ಡಾಂಬರು ಬಿತ್ತು. ಸಂಸಾರಸ್ಥರು ನಿಶ್ಚಿಂತೆಯಿಂದ ಹೊರಡುವಂತಾದದ್ದು ಆಮೇಲೆ. ಈಗ ಎಚ್ಚರ ಬೇಕಾದದ್ದು ಮುಸ್ಸಂಜೆಯಲ್ಲಿ ರಸ್ತೆಗೆ ಹಾರುವ ಕಾಂಗರೂಗಳಿಗೆ. ಇನ್ನು, ಪಶ್ಚಿಮ ಆಸ್ಟ್ರೇಲಿಯದ ಗಡಿಯ ತಪಾಸಣೆಯಲ್ಲಿ ಹಣ್ಣು ತರಕಾರಿ ಒಪ್ಪಿಸಿಬಿಡಬೇಕು.

ದಾರಿಗೆ ಹೆಸರು ಬಂದದ್ದು ಏರನಿಂದ. ಆತನ ಧೈರ್ಯ ಸುಳ್ಳಲ್ಲ. ಆದರೆ ಇದೇ ಏರ್ 1865ರಲ್ಲಿ ಜಮೈಕಾದ ಗವರ್ನರನಾಗಿ ಮೊರಾಂಟ್ ಬೇ ದಂಗೆಯನ್ನು ಅಡಗಿಸಿದಾಗ 400ಕ್ಕೂ ಹೆಚ್ಚು ಕರಿಯರು ಪ್ರಾಣ ತೆತ್ತರು. ಮರಳು ಅಗೆದು ಆತನಿಗೆ ನೀರು ತೋರಿಸಿದವರ ಹೆಸರು ಹೆದ್ದಾರಿಯ ಫಲಕದಲ್ಲಿಲ್ಲ.

ನಾವು ಹೋಗುವ ದಾರಿಗಳಲ್ಲೂ ಹಳೆಯ ಕೆರೆ, ಬಾವಿ, ಅರವಟ್ಟಿಗೆಗಳಿವೆ. ಮುಂದಿನ ಪ್ರವಾಸದಲ್ಲಿ ಅಂಥ ಕಡೆ ವಾಹನ ನಿಲ್ಲಿಸಿದಾಗ, ಇಲ್ಲಿ ನೀರಿದೆ ಎಂದು ಮೊದಲು ಕಂಡುಕೊಂಡವರು ಯಾರಿರಬಹುದು ಎಂದು ನಿಮ್ಮ ಮಕ್ಕಳನ್ನು ಕೇಳಿ ನೋಡಿ. ಉತ್ತರ ಸಿಗದಿದ್ದರೂ, ಆ ಪ್ರಶ್ನೆಯನ್ನು ಅವರು ಮನೆಗೆ ಕೊಂಡೊಯ್ಯುತ್ತಾರೆ.