ಬೆಳೆಯಲ್ಲೂ ಪಾಲು, ನಷ್ಟದಲ್ಲೂ ಪಾಲು



ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನನದ ಹಬ್ಬದ ದಿನ, ಕರಾವಳಿಯ ನಮ್ಮ ದೇವಾಲಯಗಳಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತೇವೆ. ಅದರ ಕಾಳು ಸುಲಿದು, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಹೊಸ ಅಕ್ಕಿಯ ಊಟ ಮಾಡುತ್ತೇವೆ. ಆದರೆ ಆ ತೆನೆ ಯಾರ ಗದ್ದೆಯದು? ಬೆಳೆದವನಿಗೆ ಈ ವರ್ಷ ಮಳೆ ಕೈಹಿಡಿಯಿತೇ, ಕೈಬಿಟ್ಟಿತೇ? ಗದ್ದೆಯಿಲ್ಲದ ಮನೆಗಳು ನಮ್ಮಲ್ಲಿ ಹೆಚ್ಚಾಗುತ್ತಿರುವ ಈ ಕಾಲದಲ್ಲಿ ಈ ಪ್ರಶ್ನೆ ನಮ್ಮ ನಾಲಗೆಗೆ ಬರುವುದೇ ಇಲ್ಲ. ಸುಮಾರು ಐವತ್ತು ವರ್ಷಗಳ ಹಿಂದೆ ಜಪಾನಿನ ಗೃಹಿಣಿಯರು ಇದೇ ಪ್ರಶ್ನೆ ಕೇಳಿದರು. ಅದರಿಂದ ಹುಟ್ಟಿದ ಚಳವಳಿಯ ಕಥೆಯನ್ನು ಈ ಹಬ್ಬದ ಹೊತ್ತಿನಲ್ಲಿ ತಿಳಿಯೋಣ.

ಆ ತಾಯಂದಿರನ್ನು ಎಬ್ಬಿಸಿದ್ದು ಭಯ. 1955ರಲ್ಲಿ ಜಪಾನಿನಲ್ಲಿ ಹಸುಗೂಸುಗಳ ಹಾಲಿನ ಪುಡಿಯಲ್ಲಿ ಆರ್ಸೆನಿಕ್ ವಿಷ ಸೇರಿ ಅನೇಕ ಮಕ್ಕಳು ತೀರಿಕೊಂಡರು. ಮರುವರ್ಷ ಮಿನಾಮಾತಾ ಎಂಬಲ್ಲಿ ಒಂದು ವಿಚಿತ್ರ ಕಾಯಿಲೆ ಬೆಳಕಿಗೆ ಬಂತು. ಕಾರ್ಖಾನೆ ಸಮುದ್ರಕ್ಕೆ ಬಿಟ್ಟ ಪಾದರಸ ಮೀನಿನ ಮೂಲಕ ಜನರ ಹೊಟ್ಟೆ ಸೇರಿತ್ತು. 1968ರಲ್ಲಿ ಅಡುಗೆಗೆ ಬಳಸುವ ತವುಡಿನ ಎಣ್ಣೆಯಲ್ಲಿಯೂ ವಿಷ ಸಿಕ್ಕಿತು. ಹಾಲು, ಮೀನು, ಎಣ್ಣೆ ಯಾವುದನ್ನು ನಂಬುವುದು? ಹೊಲಗಳಲ್ಲಿ ಔಷಧ ಸಿಂಪಡಿಸುತ್ತಿದ್ದ ರೈತರ ಆರೋಗ್ಯವೂ ಕೆಡುತ್ತಿತ್ತು. ಉಣ್ಣುವವರೂ ಬೆಳೆಯುವವರೂ ಒಂದೇ ಸಂಕಟದಲ್ಲಿದ್ದರು, ಆದರೆ ಒಬ್ಬರ ಮುಖ ಇನ್ನೊಬ್ಬರು ನೋಡಿರಲಿಲ್ಲ.

ಸಹಕಾರಿ ಚಳವಳಿಯಲ್ಲಿ ಪಳಗಿದ ಇಚಿರಾಕು ತೆರುವೊ ಅವರು 1971ರಲ್ಲಿ ಜಪಾನಿನ ಸಾವಯವ ಕೃಷಿ ಸಂಘವನ್ನು ಕಟ್ಟಿದರು. ರೈತರ ಗುಂಪು ಮತ್ತು ಪಟ್ಟಣದ ಕುಟುಂಬಗಳ ಗುಂಪು ನೇರವಾಗಿ ಕೈಜೋಡಿಸುವ ಪದ್ಧತಿ ಬೆಳೆಯಿತು. ಅದಕ್ಕೆ 'ತೇಕೇ' ಎಂದು ಹೆಸರು. ಕೈಜೋಡಿಸುವುದು ಎಂದೇ ಅದರ ಅರ್ಥ. ಚಿಬಾ ಪ್ರಾಂತ್ಯದ ಮಿಯೋಶಿ ಹಳ್ಳಿಯ ರೈತರೂ ಟೋಕಿಯೋದ ಗೃಹಿಣಿಯರೂ 1974ರ ಹೊತ್ತಿಗೆ ಹೀಗೆ ಒಂದಾದರು. ವಿಷ ಹಾಕದೆ ಬೆಳೆಯುತ್ತೇವೆ ಎಂದು ರೈತರು ಮಾತು ಕೊಟ್ಟರು. ಸೊಟ್ಟ ಸೌತೆಯಾಗಲಿ, ಹುಳು ತಿಂದ ಎಲೆಯಾಗಲಿ, ಬೆಳೆದದ್ದನ್ನೆಲ್ಲ ಕೊಳ್ಳುತ್ತೇವೆ ಎಂದು ತಾಯಂದಿರು ಮಾತು ಕೊಟ್ಟರು. ಕಳೆ ಕೀಳಲು ಆಳು ಸಾಲದಾದಾಗ ಪಟ್ಟಣದವರೇ ಹೊಲಕ್ಕೆ ಇಳಿಯುತ್ತಿದ್ದರು.

1978ರಲ್ಲಿ ಸಂಘವು ತೇಕೇಗೆ ಹತ್ತು ಸೂತ್ರಗಳನ್ನು ಬರೆದಿಟ್ಟಿತು. ಏನು, ಎಷ್ಟು ಬೆಳೆಯಬೇಕೆಂದು ಮೊದಲೇ ಕೂತು ಮಾತಾಡಬೇಕು, ಬೆಳೆದದ್ದನ್ನೆಲ್ಲ ಸ್ವೀಕರಿಸಬೇಕು, ದರವನ್ನು ಇಬ್ಬರೂ ಪರಸ್ಪರರ ಹಿತ ನೋಡಿ ನಿಗದಿಪಡಿಸಬೇಕು, ಸಾಗಣೆಯನ್ನು ತಾವೇ ಮಾಡಿಕೊಳ್ಳಬೇಕು, ಗುಂಪು ಪರಸ್ಪರ ಪರಿಚಯ ತಪ್ಪುವಷ್ಟು ದೊಡ್ಡದಾಗಬಾರದು. ಇವೆಲ್ಲದರ ಬೇರು ಒಂದೇ: ಇದು ಬರೀ ಸಾಮಾನು ಕೊಟ್ಟು ಕೊಳ್ಳುವ ವ್ಯಾಪಾರವಲ್ಲ, ಮನುಷ್ಯರ ನಡುವಿನ ಸಂಬಂಧ.

ಸಂಬಂಧ ಎನ್ನುವುದು ಸುಲಭ, ಉಳಿಸುವುದು ಕಷ್ಟ. ಸೈತಾಮಾ ಪ್ರಾಂತ್ಯದ ಒಗಾವಾ ಊರಿನ ಯುವ ರೈತ ಕಾನೆಕೊ ಯೋಶಿನೋರಿ 1975ರಲ್ಲಿ 10 ಮನೆಗಳೊಂದಿಗೆ ಒಪ್ಪಂದ ಮಾಡಿಕೊಂಡರು. ತಿಂಗಳಿಗೆ ಇಂತಿಷ್ಟು ಎಂದು ಶುಲ್ಕ, ಅದಕ್ಕೆ ಅಕ್ಕಿ ತರಕಾರಿ. ಅದು ಬಹುಕಾಲ ಬಾಳಲಿಲ್ಲ. ಕೊಟ್ಟ ಹಣಕ್ಕೆ ತಕ್ಕಷ್ಟು ಬಂತೇ ಎಂಬ ಲೆಕ್ಕ ನಡುವೆ ನುಸುಳಿತು. ಮುರಿದು ಬಿದ್ದ ಮೇಲೆ ಕಾನೆಕೊ ಕೃಷಿ ಬಿಡಲಿಲ್ಲ, ದರ ಕಟ್ಟುವುದನ್ನೇ ಬಿಟ್ಟರು! ಬೆಳೆದದ್ದನ್ನು ಮನೆಗಳಿಗೆ ಕೊಡುವುದು, ಮನೆಯವರು ಕೃತಜ್ಞತೆಯಿಂದ ತಮಗೆ ತೋಚಿದಷ್ಟು ಕೊಡುವುದು ಎಂಬ ಹೊಸ ರೀತಿ ಆರಂಭಿಸಿದರು. ಅದು ನಿಂತಿತು. ಕಾಲಕ್ರಮೇಣ ನೆರೆಯ ರೈತರೂ ಸಾವಯವಕ್ಕೆ ತಿರುಗಿದರು. ಊರಿನ ಸೋಯಾವನ್ನು ತೋಫು ತಯಾರಿಸುವವರೊಬ್ಬರು ಕೊಳ್ಳತೊಡಗಿದರು. ಅಕ್ಕಿಯನ್ನು ಅದೇ ಪ್ರಾಂತ್ಯದ ಒಂದು ಕಂಪನಿ ತನ್ನ ನೌಕರರಿಗಾಗಿ ಕೊಂಡಿತು. 2022ರಲ್ಲಿ ಕಾನೆಕೊ ತೀರಿಕೊಂಡಾಗ, ಒಬ್ಬಂಟಿಯಾಗಿ ಆರಂಭಿಸಿದ ಕೆಲಸ ಇಡೀ ಕೇರಿಯ ಕೆಲಸವಾಗಿತ್ತು.

ಇದೇ ವಿಚಾರ ಬೇರೆ ದೇಶಗಳಲ್ಲಿ ಬೇರೆ ಬೇರುಗಳಿಂದ ಚಿಗುರಿತು. ಅಮೆರಿಕದ ಅಲಬಾಮಾದಲ್ಲಿ ಕರಿಯ ಕೃಷಿ ಪ್ರಾಧ್ಯಾಪಕ ಬುಕರ್ ವಾಟ್ಲಿ, ಗ್ರಾಹಕರನ್ನು ಸದಸ್ಯರನ್ನಾಗಿ ಮಾಡಿಕೊಂಡು ಹಣವನ್ನು ಮುಂಗಡ ಪಡೆಯಿರಿ ಎಂದು ಸಣ್ಣ ರೈತರಿಗೆ ಬೋಧಿಸುತ್ತಿದ್ದರು. ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ 1978ರಲ್ಲಿ ಇಂಥದೇ ಸಹಕಾರಿ ತೋಟ ಆರಂಭವಾಯಿತು. ಸ್ವಿಸ್ ಅನುಭವವಿದ್ದ ಯಾನ್ ವಾಂಡರ್ ಟ್ಯೂನ್, ಅಮೆರಿಕದ ಮೆಸಾಚುಸೆಟ್ಸ್‌ನಲ್ಲಿ ರಾಬಿನ್ ವ್ಯಾನ್ ಎನ್ ಎಂಬ ರೈತ ಮಹಿಳೆಯ ಜೊತೆಗೂಡಿ 1985ರಲ್ಲಿ ಸೇಬಿನ 30 ಪಾಲುಗಳನ್ನು ಹಂಚಿದರು. ಮರುವರ್ಷ ತರಕಾರಿಯ ಪಾಲು. ಅದೇ 1986ರಲ್ಲಿ ನ್ಯೂ ಹ್ಯಾಂಪ್‌ಷೈರ್‌ನ ಇನ್ನೊಂದು ತೋಟವೂ ಆರಂಭವಾಯಿತು. 'ಸಮುದಾಯ ಬೆಂಬಲಿತ ಕೃಷಿ' ಎಂಬ ಹೆಸರು ಹರಡಿದ್ದು ಈ ತೋಟಗಳಿಂದ. ನ್ಯೂಜೆರ್ಸಿಯ ಬ್ಲೇರ್ಸ್‌ಟೌನ್‌ನಲ್ಲಿ ದೋಮಿನಿಕನ್ ಧರ್ಮಭಗಿನಿಯರು 1980ರಲ್ಲಿ ಕಟ್ಟಿದ ಜೆನೆಸಿಸ್ ಫಾರ್ಮ್ ಎಂಬಲ್ಲಿಯೂ 1988ರಲ್ಲಿ ಇಂಥ ತೋಟ ಬೇರೂರಿತು. ಸಂನ್ಯಾಸಿನಿಯರ ನೆಲ ಸುತ್ತಲಿನ ಕುಟುಂಬಗಳ ಅನ್ನದ ನೆಲವೂ ಆಯಿತು.

ಇದು ನಡೆಯುವ ರೀತಿ ಸರಳ. ಬಿತ್ತನೆಗೆ ಮೊದಲೇ ರೈತ ವರ್ಷದ ಖರ್ಚು ಬರೆದಿಡುತ್ತಾನೆ: ಬೀಜ, ಗೊಬ್ಬರ, ಕೂಲಿ, ದುರಸ್ತಿ, ತನ್ನ ಮನೆಯ ಜೀವನ. ಅದನ್ನು ಸದಸ್ಯ ಕುಟುಂಬಗಳು ಹಂಚಿಕೊಂಡು ಮುಂಗಡ ಕೊಡುತ್ತವೆ. ನ್ಯೂ ಹ್ಯಾಂಪ್‌ಷೈರ್‌ನ ಆ ತೋಟದಲ್ಲಿ ಎಲ್ಲರೂ ಸಮನಾಗಿ ಕೊಡಬೇಕೆಂಬುದೂ ಇಲ್ಲ. ಖರ್ಚಿನ ಪಟ್ಟಿ ಕೇಳಿ, ಉಳ್ಳವರು ಹೆಚ್ಚು, ಇಲ್ಲದವರು ಕಡಿಮೆ ಎಂದು ತಾವೇ ಹೇಳಿ ಮೊತ್ತ ತುಂಬಿಸುತ್ತಾರೆ. ಕಟಾವು ಶುರುವಾದ ಮೇಲೆ ವಾರವಾರ ಪಾಲು ಬರುತ್ತದೆ. ಫಸಲು ಚೆನ್ನಾಗಿ ಬಂದರೆ ಎಲ್ಲರ ಚೀಲ ತುಂಬುತ್ತದೆ, ಆಲಿಕಲ್ಲು ಬಿದ್ದರೆ ಎಲ್ಲರ ಚೀಲವೂ ಹಗುರವಾಗುತ್ತದೆ. ನಷ್ಟ ರೈತನೊಬ್ಬನ ತಲೆಯ ಮೇಲೆ ಬೀಳುವುದಿಲ್ಲ.

ಈ ಮಾತು ಪರೀಕ್ಷೆಗೆ ಬಿದ್ದದ್ದು 2011ರ ಮಾರ್ಚ್‌ನಲ್ಲಿ. ಫುಕುಶಿಮಾದ ಅಣುಸ್ಥಾವರ ದುರಂತದ ನಂತರ ಅಲ್ಲಿನ ಸಾವಯವ ರೈತರನ್ನು ಅನೇಕ ಹಳೆಯ ಗ್ರಾಹಕರು ಬಿಟ್ಟುಹೋದರು. ಶುದ್ಧ ಆಹಾರಕ್ಕಾಗಿ ಬಂದ ತಾಯಂದಿರು ಮಕ್ಕಳ ಮುಖ ನೋಡಿ ಹಿಂದೆ ಸರಿದರೆ ಅವರನ್ನು ದೂರುವುದು ಹೇಗೆ? ಆದರೂ ಕೆಲವರು ಉಳಿದರು. ರೈತರು ಮಣ್ಣನ್ನೂ ಬೆಳೆಯನ್ನೂ ಅಳೆಯಿಸಿ, ಬಂದ ಅಂಕಿಗಳನ್ನು ಮುಚ್ಚಿಡದೆ ಮುಂದಿಟ್ಟರು. ಸತ್ಯ ಹೇಳಿದ ಕಡೆ ನಂಬಿಕೆ ನಿಧಾನವಾಗಿ ಮರಳಿತು.

ಇಡೀ ಚರಿತ್ರೆ ನಮಗೆ ಕಲಿಸುವ ಪಾಠ ಇದೇ. ತಾಜಾ ತರಕಾರಿ ಮನೆಬಾಗಿಲಿಗೆ ತಂದುಕೊಡುವ ಅಂಗಡಿಗಳು ಈಗ ಬೇಕಾದಷ್ಟಿವೆ. ಒಳ್ಳೆಯ ವರ್ಷದಲ್ಲಿ ಕೊಳ್ಳುವುದು ಯಾರಿಂದಲೂ ಆದೀತು. ಕೆಟ್ಟ ವರ್ಷದಲ್ಲಿ ರೈತನ ಪಕ್ಕದಲ್ಲಿ ನಿಲ್ಲುವವನೇ ಪಾಲುದಾರ.

ನಮ್ಮ ಧರ್ಮಕೇಂದ್ರಗಳಲ್ಲಿ ಗದ್ದೆ ಉಳಿಸಿಕೊಂಡವರೂ ಇದ್ದಾರೆ, ಕೊಂಡು ತಿನ್ನುವವರೂ ಇದ್ದಾರೆ. ಭಾನುವಾರ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಮುಂದಿನ ಬಿತ್ತನೆಗೆ ಮುನ್ನ ಹತ್ತು ಮನೆಗಳು ಸೇರಿ ಒಬ್ಬ ರೈತನ ಬಳಿ ಹೋಗಿ ಕೇಳಬಾರದೇ? ಎಷ್ಟು ಮುಂಗಡ, ಎಷ್ಟು ಅಕ್ಕಿ, ಬೆಳೆ ಕೆಟ್ಟರೆ ಏನು ಎಂಬುದನ್ನು ಮೊದಲೇ ಬರೆದಿಡೋಣ. ಸ್ಪಷ್ಟ ಮಾತು ಸ್ನೇಹವನ್ನು ಕೆಡಿಸದು, ಕಾಯುತ್ತದೆ. ನಾಟಿಯ ದಿನ ಮಕ್ಕಳನ್ನು ಗದ್ದೆಗೆ ಕರೆದುಕೊಂಡು ಹೋಗೋಣ. ಆಗ ಮುಂದಿನ ತೆನೆಹಬ್ಬದಲ್ಲಿ ನಮ್ಮ ಕೈಗೆ ಬರುವ ತೆನೆ ಯಾರದೆಂದು ನಮಗೆ ಗೊತ್ತಿರುತ್ತದೆ. ಆ ವರ್ಷ ಕಾಳು ಕಡಿಮೆಯಾಗಿದ್ದರೆ, ಅದೂ ನಮ್ಮ ಪಾಲೇ ಎಂದು ಸಂತೋಷದಿಂದ ಉಣ್ಣೋಣ.